ಎರಡೂವರೆಯ ಬಿಸಿಲಿಗೆ ಹೋದವರು

ನಮ್ಮ ಮಾವನವರ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ. ಬದುಕಿನ ಅರ್ಧಕ್ಕೂ ಹೆಚ್ಚು ಕಾಲ ಆ ಕಣ್ಣನ್ನು ಕಿರಿದು ಮಾಡಿ, ಬಲಗಣ್ಣಿನಿಂದ ಗಾಜಿನ ಕೊಳವೆಯೊಳಗೆ ಪಾದರಸದ ತುದಿ ಎಲ್ಲಿ ನಿಂತಿದೆ ಎಂದು ನೋಡಿ ನೋಡಿ ಹಾಗಾಗಿತ್ತು. ಹುಬ್ಬಿನ ಕೆಳಗೆ ಚರ್ಮ ಮಡಿಕೆ ಬಿದ್ದು, ಪಡಸಾಲೆಯಲ್ಲಿ ಸುಮ್ಮನೆ ಕೂತಾಗಲೂ ಎದುರಿಗಿದ್ದವರನ್ನು ಅಳೆಯುತ್ತಿರುವಂತೆ ಕಾಣುತ್ತಿದ್ದರು. ಗುರುತಿಲ್ಲದವರು ಆ ನೋಟಕ್ಕೆ ಹೆದರಿ ಬೇಗ ಎದ್ದು ಹೋಗುತ್ತಿದ್ದರು.

ಮೊಣಕಾಲಿನದು ಇನ್ನೊಂದು ಅಭ್ಯಾಸ. ಏನನ್ನಾದರೂ ನೋಡಬೇಕಾದರೆ ಅವರು ಕತ್ತು ಬಗ್ಗಿಸುತ್ತಿರಲಿಲ್ಲ. ಬೆನ್ನು ನೆಟ್ಟಗಿಟ್ಟು, ಮೊಣಕಾಲು ಮಡಿಸಿ, ಕಣ್ಣನ್ನು ಆ ವಸ್ತುವಿನ ಎತ್ತರಕ್ಕೆ ಇಳಿಸುತ್ತಿದ್ದರು. ನನ್ನನ್ನು ನೋಡಲು ನಿಪ್ಪಾಣಿಗೆ ಬಂದ ದಿನವೂ ಹಾಗೆಯೇ ಮಾಡಿದರು. ನನ್ನ ತಾಯಿ ತಂಬಾಕಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ಕೆಲಸ ಮಾಡುತ್ತಿದ್ದಳು. ಮನೆಯಲ್ಲಿ ಇದ್ದದ್ದು ಎರಡು ಕುರ್ಚಿ. ಅವರು ನಿಂತೇ ಇದ್ದರು. ನಾನು ಚಹದ ತಾಟು ಹಿಡಿದು ಬಂದಾಗ ನನ್ನ ಮುಖ ನೋಡಲಿಲ್ಲ. ಮೊಣಕಾಲು ಮಡಿಸಿ, ಉಸಿರು ಹಿಡಿದು, ಕಪ್ಪುಗಳ ಅಂಚಿಗೆ ಕಣ್ಣು ಕೊಟ್ಟರು. ಆಮೇಲೆ ನನ್ನ ತಾಯಿಗೆ ಹೇಳಿದರು: "ಐದೂ ಕಪ್ಪಿನ್ಯಾಗ ಸಮಾ ಹಾಕ್ಯಾಳ್ರಿ. ಹುಡುಗಿ ಕೈ ಬರೋಬರಿ ಐತಿ. ನಮಗ ಒಪ್ಪಿಗಿ."

"ಮಾರಿ ನೋಡಲಿಲ್ಲಲ್ರಿ ಬೀಗರ?" ಎಂದಳು ತಾಯಿ.

"ಅದನ್ನ ನೋಡಾಂವ ಬ್ಯಾರೆ ಅದಾನ," ಎಂದು ಮಗನ ಕಡೆ ಕೈ ಮಾಡಿದರು.

ಹತ್ತನೇ ಇಯತ್ತೆ ಮುಗಿಸಿದ ನನಗೆ ಅವರ ನೌಕರಿ ಏನಿತ್ತು ಎಂದು ತಿಳಿಯಲು ಬಹಳ ದಿನ ಹಿಡಿಯಿತು. ಗಡಿಯಾಚೆಯ ಒಂದು ದೊಡ್ಡ ಶಹರದಲ್ಲಿ ಹವಾಮಾನದ ಕಚೇರಿಯಲ್ಲಿ ಅವರು ಅಬ್ಸರ್ವರ್ ಆಗಿದ್ದರು. ಆ ಶಹರದ ಹೆಸರು ನಾನು ಬರೆಯುವುದಿಲ್ಲ. ಈಗ ಅಲ್ಲಿ ಕೆಲಸ ಮಾಡುವವರ ತಪ್ಪು ಏನೂ ಇಲ್ಲ. ಕಚೇರಿಯ ಹಿಂದೆ ಹುಲ್ಲಿನ ಬಯಲು, ಬಯಲಿನ ನಡುವೆ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆ. ನಾಲ್ಕೂ ಕಡೆ ಗಾಳಿಯಾಡುವ ಜಾಳಿಗೆ, ಉತ್ತರಕ್ಕೆ ಬಾಗಿಲು. ಅದರೊಳಗೆ ಥರ್ಮಾಮೀಟರುಗಳು. ಹೊತ್ತು ಹೊತ್ತಿಗೆ ಹೋಗಿ, ನೋಡಿ, ಬರೆಯುವುದು. ಇಷ್ಟೇ ಕೆಲಸ; ಅದಕ್ಕೆ ಅವರು ಓದು ಎನ್ನುತ್ತಿದ್ದರು. ಬಿಸಿಲಿರಲಿ, ಗುಡುಗು ಇರಲಿ, ಹೆಂಡತಿ ಹಾಸಿಗೆ ಹಿಡಿದಿರಲಿ, ಹೋಗಿ ನೋಡಿ ಬರೆಯುವುದು. ಅತ್ತೆಯವರು ತೀರಿಕೊಂಡ ದಿನ ಬೆಳಗಿನ ಓದು ಮುಗಿಸಿಯೇ ಅವರು ಆಸ್ಪತ್ರೆಗೆ ಹೋದರಂತೆ. ನಮ್ಮ ಮನೆಯವರು ಅದನ್ನು ಇವತ್ತಿಗೂ ಕ್ಷಮಿಸಿಲ್ಲ.

ನಿವೃತ್ತರಾಗಿ ಕರೋಶಿಗೆ ಬಂದ ಮೇಲೆ ಅವರು ಬಡಿಗರಿಂದ ಅಂಥದೇ ಪೆಟ್ಟಿಗೆ ಮಾಡಿಸಿ ಹಿತ್ತಿಲಿನ ಬಯಲಿನಲ್ಲಿ ನಿಲ್ಲಿಸಿದರು. ಒಂದೇ ಒಂದು ಸಾದಾ ಥರ್ಮಾಮೀಟರ್ ಒಳಗೆ. ದಿನಾ ಮಧ್ಯಾಹ್ನ ಎರಡೂವರೆಗೆ ಓದು. ಪಕ್ಕದ ಮನೆಯ ಆಯಿಗೆ, ಬೆಳ್ಳಗೆ ಬಣ್ಣ ಹಚ್ಚಿ ಬಾಗಿಲು ಇಟ್ಟ ಆ ಪೆಟ್ಟಿಗೆ ಯಾವುದೋ ದೇವರ ಗುಡಿ ಎನ್ನಿಸಿತು. ಒಂದು ಶುಕ್ರವಾರ ನಾಲ್ಕು ಕಾಲಿಗೂ ಅರಿಷಿಣ ಕುಂಕುಮ ಮೆತ್ತಿ, ಬಾಗಿಲಿಗೆ ಎಲಿ ಅಡಿಕಿ ಇಟ್ಟು ಹೋಗಿದ್ದಳು. ಮಾವನವರು ಸುಣ್ಣದ ಡಬ್ಬಿ ಹಿಡಿದು ಕುಂಕುಮ ಒರೆಸುತ್ತ ಕೂಗಾಡಿದರು.

"ಆಯಿ, ಇದು ದೇವ್ರಲ್ಲ! ಬಣ್ಣಾ ಹಚ್ಚಿದ್ರ ಬಿಸಲ ಹೀರತೈತಿ, ಓದು ತಪ್ಪತೈತಿ!"

"ದೇವ್ರಲ್ಲಂದ್ರ ನೀ ಯಾಕ ದಿನಾ ಅದರ ಮುಂದ ಮೊಳಕಾಲ ಊರತಿ?" ಎಂದಳು ಆಯಿ.

ಅವರು ಸುಣ್ಣ ಬಳಿದು ಒಳಗೆ ಬಂದರು. ಮುಂದಿನ ಶುಕ್ರವಾರ ಆಯಿ ಮತ್ತೆ ಹಚ್ಚಿದಳು, ಇವರು ಮತ್ತೆ ಬಳಿದರು. ಕೆಲವು ವರ್ಷ ಹೀಗೇ ನಡೆಯಿತು. ಕಡೆಗೆ ಪೆಟ್ಟಿಗೆಯಿಂದ ಇಪ್ಪತ್ತು ಹೆಜ್ಜೆ ದೂರ ಒಂದು ಕಲ್ಲು ನೆಟ್ಟು, ಬೇಕಾದಷ್ಟು ಅರಿಷಿಣ ಅದಕ್ಕೆ ಹಚ್ಚು ಎಂದು ಅವರೇ ರಾಜಿ ಮಾಡಿಕೊಂಡರು.

ಶಹರದಲ್ಲಿ ಮರಾಠಿ ಹೆಚ್ಚು ಆಡಿದ್ದರಿಂದ ಅವರ ಬಾಯಲ್ಲಿ ಒಂದು ಮಾತು ಅಂಟಿಕೊಂಡಿತ್ತು: "ಬಘಿತಲಸ್ ಕಾ?" ನೋಡಿದೆಯಾ ಎಂದು. ಬಸ್ಸು ಹೋಯಿತು ಎಂದರೆ "ಬಘಿತಲಸ್ ಕಾ?" ಇಂಥವರ ಸೊಸೆ ಜಗಳಗಂಟಿ ಎಂದರೆ "ಬಘಿತಲಸ್ ಕಾ?" ಪೇಪರಿನಲ್ಲಿ ಬಂದಿದೆ ಎಂದರೆ ಪೇಪರಿಗೇ ಅದೇ ಪ್ರಶ್ನೆ. ಮನೆಯಲ್ಲಿ ಸುದ್ದಿ ಹೇಳುವುದೇ ಕಷ್ಟವಾಗಿತ್ತು. ಯಾರಾದರೂ ಹಿಂಗಂತ, ಹಂಗಂತ ಎಂದು ಶುರು ಮಾಡಿದರೆ ಆ ಸಣ್ಣ ಕಣ್ಣು ಇನ್ನೂ ಸಣ್ಣದಾಗುತ್ತಿತ್ತು.

ಆ ಶಹರದ ಬಗ್ಗೆ ಅವರು ಮಾತಾಡುತ್ತಿದ್ದದ್ದು ಕಾಯಿಲೆ ಬಿದ್ದ ನೆಂಟರ ಬಗ್ಗೆ ಮಾತಾಡಿದಂತೆ. ನೌಕರಿಗೆ ಸೇರಿದಾಗ ಬೇಸಿಗೆಯಲ್ಲೂ ನಸುಕಿನ ಓದಿಗೆ ಹೋಗುವಾಗ ಕಿವಿಗೆ ಮಫ್ಲರ್ ಸುತ್ತಿಕೊಳ್ಳಬೇಕಿತ್ತಂತೆ. ಕಚೇರಿಯ ಸುತ್ತ ಪೇರಲದ ತೋಟ, ಒಂದು ಹಳ್ಳ, ಎಮ್ಮೆ ತೊಳೆಯುವ ಹೊಂಡ. ಆಮೇಲೆ ಹೊಂಡ ಮುಚ್ಚಿದರು, ತೋಟ ಕಡಿದರು, ಹಳ್ಳದ ಮೇಲೆ ಸ್ಲ್ಯಾಬ್ ಹಾಕಿದರು. ಮಫ್ಲರ್ ಮೂಲೆಗೆ ಹೋಯಿತು. ಕೆಲವು ವರ್ಷದಲ್ಲಿ ನಸುಕಿನಲ್ಲಿಯೇ ಅಂಗಿ ಬೆನ್ನಿಗೆ ಅಂಟತೊಡಗಿತು.

"ಮಧ್ಯಾಹ್ನದ ಬಿಸಿಗೆ ಎಲ್ಲಾರೂ ಹೌಹಾರತಾರ," ಎನ್ನುತ್ತಿದ್ದರು. "ನಸುಕಿಂದು ನೋಡಬೇಕ ಯವ್ವಾ. ರಾತ್ರಿ ಪೂರಾ ಕಳದ್ರೂ ಊರ ಮೈ ಆರಲಿಲ್ಲಂದ್ರ ಅದಕ್ಕ ಜ್ವರಾ ಬಂದೈತಿ ಅಂತ ತಿಳೀಬೇಕು."

ಆ ಜ್ವರವನ್ನು ದಿನಾ ಮುಟ್ಟಿ ನೋಡಿದವರು ಅವರು. ಅದಕ್ಕೆ ಅವರಿಗೆ ಸಿಕ್ಕ ಬಹುಮಾನ ಏನು ಎಂದು ಬರೆಯಲೇಬೇಕು. ನಾನು ಪೆನ್ನು ಹಿಡಿದದ್ದು ಸಮಾಧಾನಕ್ಕಲ್ಲ.

ಕಚೇರಿಯಲ್ಲಿ ಇನ್ನೊಬ್ಬ ಅಬ್ಸರ್ವರ್ ಇದ್ದರು. ಅಥಣಿ ಕಡೆಯವರು. ನಮ್ಮ ಭಾಗದ ಹುಡುಗ ಎಂದು ಮಾವನವರೇ ಅರ್ಜಿ ತುಂಬಿಸಿ ಸೇರಿಸಿದ್ದರು, ಕೈಹಿಡಿದು ಓದು ಕಲಿಸಿದ್ದರು, ಆರು ತಿಂಗಳು ತಮ್ಮ ಮನೆಯಲ್ಲಿಯೇ ಊಟಕ್ಕಿಟ್ಟುಕೊಂಡಿದ್ದರು. ಈಗ ಚಿಕ್ಕೋಡಿಯಲ್ಲಿ ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ. ಇಬ್ಬರಿಗೂ ಒಂದೊಂದು ವಾರದ ಪಾಳಿ. ಮಾವನವರ ವಾರದಲ್ಲಿ ಪೆಟ್ಟಿಗೆಯ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯುತ್ತಿತ್ತು. ಸಾಹೇಬರ ವಾರದಲ್ಲಿ ತೆರೆಯುತ್ತಿರಲಿಲ್ಲ. ಅವರು ಫ್ಯಾನಿನ ಕೆಳಗೆ ಕೂತು, ತಾವು ಸೇರುವುದಕ್ಕಿಂತ ಮೊದಲಿನ ಹಳೆಯ ರಿಜಿಸ್ಟರ್ ತೆರೆದು, ಆ ತಾರೀಖಿಗೆ ಸುಮಾರು ಎಷ್ಟಿತ್ತೋ ಅಷ್ಟು ಬರೆಯುತ್ತಿದ್ದರು. ಮಫ್ಲರಿನ ಕಾಲದ ಅಂಕಿಗಳು.

ಇದರಿಂದ ಏನಾಯಿತು ಎಂದರೆ, ಕಾಗದದ ಮೇಲೆ ಆ ಶಹರ ಒಂದು ವಾರ ಬಿಸಿ, ಒಂದು ವಾರ ತಂಪು. ಹೀಗೇ ಹನ್ನೊಂದು ವರ್ಷ. ಕೊನೆಗೆ ಮೇಲಿನವರ ಕಣ್ಣಿಗೆ ಬಿದ್ದು ವಿಚಾರಣೆ ನಡೆಯಿತು. ಇಬ್ಬರಲ್ಲಿ ಒಬ್ಬರದು ತಪ್ಪು. ಯಾರದು? ಹಳೆಯ ಅಂಕಿಗಳಿಗೆ ಯಾರದು ಹೊಂದುತ್ತದೆಯೋ ಅವರದು ಸರಿ ಎಂದರು. ಸಾಹೇಬರದು ಅಚ್ಚುಕಟ್ಟಾಗಿ ಹೊಂದಿತು. ಮಾವನವರನ್ನು ಕಣ್ಣಿನ ಪರೀಕ್ಷೆಗೆ ಕಳಿಸಿದರು. ಅಲ್ಲಿ ದೋಷ ಇಲ್ಲ ಎಂದು ಬಂದರೂ, "ಓದುವಾಗ ದೃಷ್ಟಿದೋಷ" ಎಂದೇ ಬರೆದು, ಅವರನ್ನು ಟಪಾಲು ವಿಭಾಗದಲ್ಲಿ ಲಕೋಟೆಗೆ ಮುದ್ರೆ ಹೊಡೆಯಲು ಕೂರಿಸಿದರು. ಹನ್ನೊಂದು ವರ್ಷದ ಅವರ ಅಂಕಿಗಳನ್ನು ಕೆಂಪು ಶಾಯಿಯಲ್ಲಿ ಹೊಡೆದು ಕೆಳಗಿಳಿಸಿದರು. ವಿಚಾರಣೆಯಲ್ಲಿ ಸಾಹೇಬರನ್ನು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: "ಕಾಕಾಗೆ ಇತ್ತೀಚೆಗೆ ಸರಿಯಾಗಿ ಕಾಣುವುದಿಲ್ಲ ಸರ್, ಪಾಪ."

ಆ ಪಾಪ ಎನ್ನುವ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಮಾವನವರ ಮುಂದೆ ಆಡುತ್ತಿರಲಿಲ್ಲ.

ಅವರ ಬಳಿ ಪುರಾವೆ ಇತ್ತು. ತಿಂಗಳ ಅಂಕಿಗಳ ತಖ್ತೆಯನ್ನು ಕಾರ್ಬನ್ ಇಟ್ಟು ನಾಲ್ಕು ಪ್ರತಿ ಮಾಡುತ್ತಿದ್ದರು. ಮೂರು ಬೇರೆ ಬೇರೆ ಕಡೆ ಹೋಗುತ್ತಿದ್ದವು. ನಾಲ್ಕನೆಯದು ಮಸುಕಾಗಿ, ಹೊರಗೆಸೆಯುವಂಥದು. ಅದನ್ನು ಮಾವನವರು ಮನೆಗೆ ತರುತ್ತಿದ್ದರು. ಇಬ್ಬರ ವಾರಗಳೂ ಅದರಲ್ಲಿದ್ದವು. ಒಂದು ಟ್ರಂಕು ತುಂಬ ಆ ಹಾಳೆಗಳು ಕರೋಶಿಗೆ ಬಂದಿದ್ದವು. ಮೂರು ಸಲ ಅರ್ಜಿ ಬರೆದರು. ನಾಲ್ಕನೆಯ ಪ್ರತಿ ಸಾಕ್ಷಿಯಾಗುವುದಿಲ್ಲ ಎಂದು ಉತ್ತರ ಬಂತು.

"ಕಾಗದ ತೋರಸಿದ್ರ ಕಾಗದ ಖೋಟಾ ಅಂತಾರ," ಎಂದು ಒಮ್ಮೆ ನನಗೆ ಹೇಳಿದರು. "ಅಂವನ ಬಾಯಿಲೇ ಬರಬೇಕ ಯವ್ವಾ. ಅಲ್ಲೀತನಕ ನಾ ಸಾಯಂಗಿಲ್ಲ."

ಅದೊಂದೇ ಮಾತು ಅವರಿಗೆ ನಡೆಸಿಕೊಡಲು ಆಗಲಿಲ್ಲ.

ಕರೋಶಿಗೆ ಬಂದು ಕೆಲವು ವರ್ಷಕ್ಕೆ ಅವರ ಕಣ್ಣು ನಿಜವಾಗಿ ಹೋಗತೊಡಗಿತು. ಕಾಚಬಿಂದು, ಕಣ್ಣಿನೊಳಗೆ ಒತ್ತಡ ಏರಿ ನೋಟ ಕಳೆಯುವ ರೋಗ. ಮಿರಜಿನ ದವಾಖಾನೆಯ ಡಾಕ್ಟರು ತಡವಾಗಿದೆ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಕಾಗವಾಡ ದಾಟಿದ ಮೇಲೆ ಒಂದೇ ಮಾತು: "ಸುದ್ದಿ ಚಿಕ್ಕೋಡಿಗೆ ಮುಟ್ಟಬಾರದು. ಅಂವ ಖುಷಿ ಪಡತಾನ." ಅವತ್ತಿನಿಂದ ಮನೆಗೆ ಯಾರು ಬಂದರೂ ಅವರು ಕಾಣುವವರಂತೆ ನಡೆದರು. ಬಾಗಿಲಿನಿಂದ ಕುರ್ಚಿಗೆ ಎಷ್ಟು ಹೆಜ್ಜೆ, ತಂಬಿಗೆ ಎಲ್ಲಿ, ಎಲ್ಲ ಲೆಕ್ಕ ಹಾಕಿಟ್ಟುಕೊಂಡಿದ್ದರು.

ಥರ್ಮಾಮೀಟರಿನ ಓದು ನನಗೆ ಬಂತು. ಅದನ್ನು ಕಲಿಸಲು ಅವರು ತೆಗೆದುಕೊಂಡದ್ದು ಒಂದು ತಿಂಗಳು. ನಮ್ಮ ಮನೆಯವರು ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಫಿಟರ್. ರಜೆಗೆ ಬಂದಾಗ ನಾವಿಬ್ಬರೂ ಬಿಸಿಲಲ್ಲಿ ಮೊಣಕಾಲು ಮಡಿಸಿ ನಿಂತದ್ದನ್ನು ನೋಡಿ, "ಒಬ್ಬರಿಗೆ ಹುಚ್ಚ ಹಿಡದಿತ್ತು, ಈಗ ಜೋಡಿ ಆತು," ಎಂದು ನಗುತ್ತಿದ್ದರು.

"ಉಸರ ಹಿಡಿ," ಎನ್ನುತ್ತಿದ್ದರು ಮಾವನವರು ನನ್ನ ಪಕ್ಕದಲ್ಲಿ ನಿಂತು. "ನಿನ್ನ ಉಸರಿಗೂ ಪಾದರಸ ಏರತೈತಿ. ಮೊದಲ ಚೂರು ಓದು, ಆಮ್ಯಾಲ ಇಡೀದು. ಚೂರು ಓಡಿ ಹೋಗತೈತಿ, ಇಡೀದು ಎಲ್ಲಿ ಹೋಗಂಗಿಲ್ಲ."

ಚೂರು ಎಂದರೆ ಡಿಗ್ರಿಯ ಹತ್ತನೆಯ ಭಾಗ. ಗಾಜಿನ ಮೇಲೆ ಅರ್ಧರ್ಧ ಡಿಗ್ರಿಗೆ ಗೆರೆ ಇರುತ್ತವೆ. ಎರಡು ಗೆರೆಯ ನಡುವೆ ಪಾದರಸ ನಿಂತರೆ ಕಣ್ಣೇ ಅಳೆಯಬೇಕು. ಮೂರೋ ನಾಲ್ಕೋ, ಆರೋ ಏಳೋ. "ಕಂಡದ್ದ ಬರಿ. ಕಾಣಲಿಲ್ಲಂದ್ರ ಗೀಟ ಎಳಿ. ಗೀಟ ಎಳದ್ರ ಯಾರೂ ಸಾಯಂಗಿಲ್ಲ," ಎಂಬುದು ಅವರ ಕೊನೆಯ ಪಾಠ.

ನಾನು ಒಂದು ಸಲ ತಪ್ಪಿದೆ. ಅವತ್ತು ನನಗೆ ಹೊಟ್ಟೆನೋವು, ಹೊರಗೆ ಕಾಲಿಡಲಾಗದ ಬಿಸಿಲು. ಹಿಂದಿನ ದಿನ ಎಷ್ಟಿತ್ತು ನೆನಪಿತ್ತು. ಅಡಿಗೆಮನೆಯಿಂದಲೇ ಕೂಗಿ ಹೇಳಿದೆ: "ಮೂವತ್ತೇಳೂವರಿ ಐತ್ರಿ ಮಾವಾ."

ಅವರು ಸಂಜೆ ಚಹ ಕುಡಿದ ಮೇಲೆ ಟ್ರಂಕು ತೆರೆಯಲು ಹೇಳಿದರು. ಒಂದು ತಿಂಗಳ ಹಾಳೆ ತೆಗೆಸಿ, "ಎರಡನೇ ವಾರದ್ದು ಓದು. ಬರೇ ಚೂರು ಓದು," ಎಂದರು. ನಾನು ಓದಿದೆ. ಏಳು. ಮೂರು. ಎಂಟು. ಒಂದು. ನಾಲ್ಕು. ಸೊನ್ನೆ. ಏಳು.

"ಮೂರನೇ ವಾರದ್ದು."

ಐದು. ಸೊನ್ನೆ. ಐದು. ಐದು. ಸೊನ್ನೆ. ಐದು. ಸೊನ್ನೆ.

ಇನ್ನೊಂದು ಹಾಳೆ ತೆಗೆಸಿದರು. ಅದರಲ್ಲಿಯೂ ಹಾಗೆಯೇ. ಮತ್ತೊಂದು.

"ಹೋಗಿ ನೋಡಿದವಗ ಮೂರೂ ಬರತೈತಿ, ಏಳೂ ಬರತೈತಿ," ಎಂದರು. "ಕುಂತ ಬರದವಗ ಸೊನ್ನಿ ಮತ್ತ ಐದು, ಎರಡ ಅಷ್ಟ. ಇವತ್ತ ಪೆಟಗಿ ಬಾಗಲಾ ಕರ್ ಅನ್ನಲಿಲ್ಲ ಯವ್ವಾ. ನಾ ಕುಡ್ಡ ಆಗೇನಿ, ಕಿವುಡ ಆಗಿಲ್ಲ."

ನಾನು ಅಲ್ಲೇ ಕೂತು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ರಿಜಿಸ್ಟರ್ ತರಿಸಿ, ಆ ದಿನದ ಅಂಕಿ ಹೊಡೆದು ಗೀಟು ಎಳೆಯಲು ಹೇಳಿದರು. ಗೀಟು ಎಳೆದಾದ ಮೇಲೆ ಎದ್ದು ಹೋಗಿ ತಾವೇ ತಡವರಿಸುತ್ತ ಓಮಿನ ಕಾಳು ಹುಡುಕಿ, ಬಿಸಿನೀರಿನಲ್ಲಿ ಹಾಕಿ ತಂದುಕೊಟ್ಟರು. "ಹೊಟ್ಟಿನೋವು ಅಂತ ಹೇಳಿದ್ರ ನಾನ ಗೀಟ ಅಂತಿದ್ನೆಲ್ಲ," ಎಂದರು.

ಇತ್ತ ಸಾಹೇಬರು ದೊಡ್ಡವರಾಗುತ್ತ ಹೋದರು. ಅಚ್ಚುಕಟ್ಟಾದ ಅಂಕಿಗಳಿಗೆ ಬಡ್ತಿ ಮೇಲೆ ಬಡ್ತಿ ಸಿಕ್ಕಿ, ಅಧಿಕಾರಿಯಾಗಿ ನಿವೃತ್ತರಾಗಿ, ಚಿಕ್ಕೋಡಿಯಲ್ಲಿ ಮನೆ ಕಟ್ಟಿದರು. ಈಗ ಜನ ಬಿಸಿಲಿನ ಬಗ್ಗೆ ಕೇಳುವ ಕಾಲ. ಶಾಲೆಗಳಲ್ಲಿ ಗಿಡ ನೆಡುವ ದಿನ ಬಂದರೆ ಸಾಹೇಬರಿಗೆ ಕರೆ. "ಒಂದು ಮಹಾನಗರ ನನ್ನ ಕಣ್ಣೆದುರೇ ಕಾದು ಕೆಂಡವಾದುದನ್ನು ನಾನು ದಿನದಿನವೂ ದಾಖಲಿಸಿದ್ದೇನೆ," ಎಂದು ಅವರು ಭಾಷಣ ಮಾಡುತ್ತಾರೆ. ಅದು ಫೋಟೋ ಸಮೇತ ಪೇಪರಿನಲ್ಲಿ ಬರುತ್ತದೆ. ನಾನು ಮಾವನವರಿಗೆ ಓದಿ ಹೇಳಿದಾಗ ಅವರು ಪೇಪರ್ ಇದ್ದ ಕಡೆ ತಿರುಗಿ, ಬಹಳ ಮೆಲ್ಲಗೆ, ಎದುರಿಗೇ ಕೂತವನನ್ನು ಕೇಳುವಂತೆ ಕೇಳಿದರು: "ಬಘಿತಲಸ್ ಕಾ?"

ಈ ವರ್ಷ ಯುಗಾದಿಯಾದ ಕೆಲವು ದಿನಕ್ಕೆ ಮಾವನವರು ಹೋದರು. ಬೆಳಿಗ್ಗೆ ಗಂಜಿ ಕುಡಿದಿದ್ದರು. ಒಂದು ಗಂಟೆ ಸುಮಾರಿಗೆ ಬಾಯಿ ಒಣಗುತ್ತಿದೆ ಎಂದು ನೀರು ಕೇಳಿದರು. ಕೊಟ್ಟೆ. ಎಷ್ಟು ಗಂಟೆಯಾಯಿತು ಎಂದು ಕೇಳಿದರು. ಹೇಳಿದೆ. "ಇನ್ನೂ ಟೈಮ್ ಐತಿ," ಎಂದು ಕುರ್ಚಿಗೆ ತಲೆ ಒರಗಿಸಿದರು. ಮತ್ತೆ ಎತ್ತಲಿಲ್ಲ. ಎರಡೂವರೆಯ ಹೊತ್ತಿಗೆ ಮನೆ ತುಂಬ ಜನ. ನಾನು ರಿಜಿಸ್ಟರಿನಲ್ಲಿ ಗೀಟು ಎಳೆದೆ. ಬಂದವರ ಮಕ್ಕಳು ಪೆಟ್ಟಿಗೆ ಹತ್ತುತ್ತಿದ್ದವು. ಒಡೆದು ಹೋದೀತೆಂದು ಥರ್ಮಾಮೀಟರ್ ಬಿಚ್ಚಿ ತಂದು, ಅರಿವೆಯಲ್ಲಿ ಸುತ್ತಿ ದೇವರ ಜಗಲಿಯ ಮೇಲಿಟ್ಟೆ.

ಐದನೆಯ ದಿನ ಸಾಹೇಬರು ದುಃಖದ ಮನೆಯವರನ್ನು ಮಾತಾಡಿಸಲು ಬಂದರು. ಬಿಳಿ ಅಂಗಿ, ಬಿಳಿ ಕಾರು. ಜೊತೆಗೆ ಒಂದು ಶಾಲೆಯ ಹೆಡ್‌ಮಾಸ್ತರರು. ಸಾಹೇಬರ ಸತ್ಕಾರ ಸಮಾರಂಭ, ಅಭಿನಂದನ ಗ್ರಂಥ ಎಲ್ಲ ಅವರ ಉಸ್ತುವಾರಿ. ಸಾಹೇಬರು ಮಾವನವರ ಫೋಟೋಕ್ಕೆ ಹಾರ ಹಾಕಿ ಕಣ್ಣು ಒರೆಸಿಕೊಂಡರು. "ಕಾಕಾ ನನ್ನ ಗುರುಗಳು. ಕೈ ಹಿಡದ ಕಲಿಸ್ಯಾರ," ಎಂದರು. ಫ್ಯಾನಿನ ಕೆಳಗಿನ ಕುರ್ಚಿಗೆ ಕೂತು ಸ್ವಲ್ಪ ಹೊತ್ತಿಗೆ ನಮ್ಮ ಮನೆಯವರ ಕಡೆ ಬಾಗಿದರು.

"ಕಾಕಾ ಹಳೇ ಕಾಗದ ಏನೋ ಇಟ್ಟಿದ್ರಂತ ಕೇಳೇನಿ. ಇನ್ನ ನಿಮಗರೆ ಅದರ ಹೊರಿ ಯಾಕ? ನನ್ನ ಕಡೆ ಕೊಟ್ಟಬಿಡ್ರಿ. ಗ್ರಂಥದಾಗ ಅವರ ಬಗ್ಗೇನೂ ನಾಕ್ ಸಾಲ ಬರಸ್ತೇನಿ."

ನಮ್ಮ ಮನೆಯವರು ಮೆತ್ತನೆಯ ಮನುಷ್ಯ. ಟ್ರಂಕು ತರಲು ಎದ್ದೇ ಬಿಟ್ಟರು. ನಾನು ಚಹದ ತಾಟು ಹಿಡಿದು ಬಂದವಳು ಅಡ್ಡ ನಿಂತೆ. ಗೋಡೆಯ ಗಡಿಯಾರದಲ್ಲಿ ಎರಡೂವರೆಗೆ ಐದು ನಿಮಿಷ ಇತ್ತು.

"ಕಾಗದ ಎಲ್ಲಿ ಹೋಗ್ತಾವ್ರಿ ಸಾಹೇಬ್ರ," ಎಂದೆ. "ಮೊದಲ ಒಂದ ಕೆಲಸ ನಿಮ್ಮ ಕೈಲೆ ಆಗಬೇಕು. ಮಾವಾರು ಹೋದಾಗಿಂದ ಓದು ನಿಂತೈತ್ರಿ. ಸೂತಕದಾಗ ನಾ ಆ ಪೆಟಗಿ ಮುಟ್ಟಂಗಿಲ್ಲ. ನೀವ ಅವರ ಶಿಷ್ಯಾರು. ಇವತ್ತಿನ ಎರಡೂವರಿದು ನಿಮ್ಮ ಕಣ್ಣೀಲೆ ಆಗಲಿ. ಪೆಟಗಿ ಹಿತ್ತಲದಾಗ ಐತಿ."

ಪೆಟ್ಟಿಗೆಗೆ ಸೂತಕ ಎಂಬುದು ನಾನು ಅಲ್ಲಿಯೇ ಹುಟ್ಟಿಸಿದ ಸುಳ್ಳು. ಥರ್ಮಾಮೀಟರ್ ಎಲ್ಲಿದೆ ಎಂದು ಗೊತ್ತಿದ್ದೇ ಕೇಳಿದೆ. ಅವರು ಪೆಟ್ಟಿಗೆಯ ಬಾಗಿಲು ತೆರೆದಿದ್ದರೆ, ಒಳಗೆ ಏನೂ ಇಲ್ಲವಲ್ಲ ಎಂದು ಬಂದು ಹೇಳಿದ್ದರೆ, ನಾನು ಅವರ ಕಾಲು ಹಿಡಿದು ಟ್ರಂಕು ಕೊಟ್ಟುಬಿಡುತ್ತಿದ್ದೆ. ಅಷ್ಟು ನಾನು ಮನಸ್ಸಿನಲ್ಲಿ ಒಪ್ಪಿಕೊಂಡಿದ್ದೆ.

"ಭಾಳ ಛಲೋ ಮಾತು ಹೇಳಿದ್ರಿ ಅಕ್ಕಾರ," ಎಂದು ಹೆಡ್‌ಮಾಸ್ತರರು ಮೊಬೈಲ್ ತೆಗೆದು ಎದ್ದರು. "ಒಂದ ಫೋಟೋ ತಗೋತೇನಿ ಸರ್, ಗ್ರಂಥಕ್ಕ ಆಗತೈತಿ."

"ಬ್ಯಾಡ ಬ್ಯಾಡ, ನೀವ ಕುಂದರ್ರಿ," ಎಂದರು ಸಾಹೇಬರು. "ಸುತ್ತ ಮಂದಿ ನಿಂತ್ರ ಗಾಳಿ ಬಿಸಿ ಆಗಿ ಓದು ತಪ್ಪತೈತಿ. ಅದೊಂದು ಶಾಸ್ತ್ರ ಐತಿ."

ಒಬ್ಬರೇ ಹಿತ್ತಿಲ ಬಾಗಿಲಿನಿಂದ ಹೋದರು. ಬಾಗಿಲಿನಿಂದ ಪೆಟ್ಟಿಗೆಗೆ ನಲವತ್ತು ಹೆಜ್ಜೆ, ನೆರಳಿಲ್ಲದ ಬಯಲು. ನಾನು ಕಿವಿಗೊಟ್ಟು ನಿಂತೆ. ಪೆಟ್ಟಿಗೆಯ ಬಾಗಿಲು ಕರ್ ಅನ್ನಲಿಲ್ಲ. ಹೆಡ್‌ಮಾಸ್ತರರ ಕಪ್ಪಿನ ಚಹ ಆರುವ ಮೊದಲೇ ಸಾಹೇಬರು ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತ ಬಂದು ಫ್ಯಾನಿನ ಕೆಳಗೆ ಕೂತರು.

"ಮೂವತ್ತೊಂಬತ್ತೂವರಿ," ಎಂದರು. "ಕಾಕಾನ ಪೆಟಗಿ ಇನ್ನೂ ಬರೋಬರಿ ನಡದೈತಿ."

ನಾನು ರಿಜಿಸ್ಟರ್, ಪೆನ್ನು ತಂದುಕೊಟ್ಟೆ. ಬರೆದರು. "ಸಹಿ ಮಾಡ್ರಿ ಸಾಹೇಬ್ರ, ಮಾವಾರ ಪದ್ಧತಿ," ಎಂದೆ. ದೊಡ್ಡದಾಗಿ ಸಹಿ ಮಾಡಿದರು. ನಾನು ದೇವರ ಮನೆಗೆ ಹೋಗಿ, ಅರಿವೆಯ ಗಂಟು ತಂದು, ರಿಜಿಸ್ಟರಿನ ಮೇಲೆ ಬಿಚ್ಚಿದೆ.

"ಥರ್ಮಾಮೀಟರ್ ಇಲ್ಲೈತ್ರಿ. ಮಾವಾರು ಹೋದ ದಿನದಿಂದ ಜಗಲಿ ಮ್ಯಾಲ ಐತಿ. ಪೆಟಗ್ಯಾಗ ನೀವ ಏನ ಓದಿದ್ರಿ?"

ಹಿತ್ತಿಲ ಬಾಗಿಲಲ್ಲಿ ಭಾಂಡೆ ತಿಕ್ಕುತ್ತಿದ್ದ ಪಕ್ಕದ ಮನೆಯ ಆಯಿ, ಯಾರೂ ಕೇಳದಿದ್ದರೂ ಒಳಗೆ ಇಣುಕಿ ಹೇಳಿದಳು: "ಅವರು ಪೆಟಗಿ ತನಕ ಎಲ್ಲಿ ಹೋದ್ರ? ಗ್ವಾಡಿ ನೆಳ್ಳಾಗ ನಿಂತು ಮಾರಿ ಒರಸ್ಕೊಂಡ ತಿರಗಿದ್ರಲ್ಲ. ನನ್ನ ನೋಡಿ ನಕ್ಕರು ಬ್ಯಾರೆ."

ಸಾಹೇಬರ ಮುಖ ಬೂದಿಯಾಯಿತು. ಥರ್ಮಾಮೀಟರನ್ನು ನೋಡಿದರು, ಹೆಡ್‌ಮಾಸ್ತರರನ್ನು ನೋಡಿದರು. ಕೊನೆಗೆ, "ಬಿಸಲಿಗೆ ಕತ್ತಲ ಬಂದಂಗ ಆತವಾ... ಈಗೀಗ ನನಗ ಕಣ್ಣ ಸರಿ ಕಾಣಂಗಿಲ್ಲ," ಎಂದರು.

"ಹೌದ್ರಿ," ಎಂದೆ. "ನಮ್ಮ ಮಾವಾಗೂ ಹಿಂಗ ಅಂದಿದ್ರಿ. ಪಾಪ."

ಅವರು ಎದ್ದು ಹೋಗುವಾಗ ಚಪ್ಪಲಿ ಅದಲುಬದಲು ಮೆಟ್ಟಿಕೊಂಡರು. ಹೆಡ್‌ಮಾಸ್ತರರು ಹಿಂದೆ ಉಳಿದು, ಆ ಪುಟವನ್ನು ಎರಡು ಸಲ ಓದಿ, "ಅಕ್ಕಾರ, ಈ ಹಾಳಿ ಜ್ವಾಕಿ ಮಾಡ್ರಿ," ಎಂದಷ್ಟೇ ಹೇಳಿದರು. ಸತ್ಕಾರ ಸಮಾರಂಭ ಮುಂದೆ ಹೋಗಿದೆ ಎಂದು ಆಮೇಲೆ ಕೇಳಿದೆ. ಯಾವಾಗ ಎಂದು ಯಾರಿಗೂ ಗೊತ್ತಿಲ್ಲ.

ನಮ್ಮ ಮನೆಯವರು ಎರಡು ದಿನ ನನ್ನ ಸಂಗಡ ಮಾತು ಬಿಟ್ಟರು. "ಮಾತಾಡಸಾಕ ಮನಿಗೆ ಬಂದ ಮನಶ್ಯಾಗ ಹಿಂಗ ಮಾಡತಾರೇನ?" ಎಂದು ಮೂರನೆಯ ದಿನ ಕೇಳಿದರು. ಮಾಡುತ್ತಾರೆ ಎಂದೆ. ಸಾವಿನ ಮನೆಗೆ ಕಾಗದ ಕದಿಯಲು ಬಂದವರಿಗೆ ಮಾಡುತ್ತಾರೆ.

ಹದಿಮೂರನೆಯ ದಿನದ ಕಾರ್ಯ ಮುಗಿಸಿ ನಾನು ಟ್ರಂಕಿನ ಹಾಳೆಗಳ ಝೆರಾಕ್ಸ್ ಮಾಡಿಸಿ ಶಹರದ ಕಚೇರಿಗೆ ಕಳಿಸಿದೆ. ಅಲ್ಲಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಎಲ್ಲ ಹಾಳೆಗಳನ್ನೂ ಓದಿದ್ದಳು. ಆ ಹನ್ನೊಂದು ವರ್ಷದ ಕಡೆ ಶಹರದ ತಾಪಮಾನದ ಗೆರೆ ಸುಮ್ಮನೆ ಮಲಗಿಬಿಡುತ್ತದೆ, ಮುಂದೆ ಹೊಸ ಅಬ್ಸರ್ವರ್ ಬಂದಲ್ಲಿಂದ ಒಮ್ಮೆಲೇ ಏಳುತ್ತದೆ, ಯಾಕೆ ಎಂದು ತಮಗೆ ಯಾರಿಗೂ ತಿಳಿದಿರಲಿಲ್ಲ ಎಂದಳು. ಆದರೆ ಕಾರ್ಬನ್ ಪ್ರತಿಯ ಮೇಲೆ ದಾಖಲೆ ತಿದ್ದಲು ಬರುವುದಿಲ್ಲ. ಆಗ ಪಾಳಿಯಲ್ಲಿದ್ದವರೇ ಬರೆದುಕೊಟ್ಟರೆ ತಿದ್ದಬಹುದು.

ಮಳೆಗಾಲದ ಮೊದಲು ಸಾಹೇಬರ ಹೆಂಡತಿ ಬಂದರು. ಚಿಕ್ಕೋಡಿಯಿಂದ ಬಸ್ಸಿನಲ್ಲಿ, ಒಬ್ಬರೇ. ನೀರು ಕೊಟ್ಟೆ, ಚಹ ಕೊಟ್ಟೆ, ಊಟಕ್ಕೆ ಏಳಿ ಎಂದೆ. ಒಲ್ಲೆ ಎಂದು ಸೆರಗಿನ ತುದಿ ಹಿಡಿದು ಕೂತರು.

"ಆ ಹಾಳಿ ಒಂದ ಕೊಟ್ಟಬಿಡವಾ," ಎಂದರು. "ಅವರು ಸರಿಯಾಗಿ ಉಣ್ಣವಲ್ರು. ಮಂದಿ ಮುಂದ ಹೋಗವಲ್ರು. ನೀನೂ ಒಂದ ಮನಿ ಸೊಸಿ ಅದಿ, ಮನಿ ಮರ್ಯಾದಿ ಅಂದ್ರ ಏನಂತ ನಿನಗ ತಿಳೀತೈತಿ."

"ತಿಳೀತೈತ್ರಿ ಅಕ್ಕಾರ. ಕೊಡ್ತೇನಿ. ಯಾವ್ಯಾವ ವಾರ ಬಿಸಲಿಗೆ ಹೋಗದ ಕುಂತಲ್ಲೇ ಬರದ್ರು ಅಂತ ಸಾಹೇಬ್ರು ಆ ಕಚೇರಿಗೆ ಒಂದ ಪತ್ರ ಬರೀಲಿ. ಅದರ ಪ್ರತಿ ತಗೊಂಡ ಬರ್ರಿ, ಹಾಳಿ ಒಯ್ರಿ."

"ಈ ವಯಸ್ಸಿನ್ಯಾಗ ಅವರ ಕೈಲೆ ಅದನ್ನ ಬರಸ್ತೀ ಏನ?"

"ನಮ್ಮ ಮಾವಾರು ಮುದ್ರಿ ಹೊಡದದ್ದೂ ವಯಸ್ಸಾದ ಮ್ಯಾಲೇ ರಿ."

ಅವರು ಅತ್ತರು. ನನಗೆ ಕೆಡುಕೆನಿಸಿತು. ಬಸ್ ನಿಲ್ದಾಣದ ತನಕ ಹೋಗಿ, ಸೀಟು ಹಿಡಿದುಕೊಟ್ಟು, ಕೂರಿಸಿ ಬಂದೆ. ಹಾಳೆ ಕೊಡಲಿಲ್ಲ.

ಮಾವನವರಿಂದ ನಾನು ಪಡೆದದ್ದು ಬಹಳ. ತಂಬಾಕಿನ ವಾಸನೆಯ ಮನೆಯಿಂದ ಬಂದ ಹುಡುಗಿಯನ್ನು ಕೂರಿಸಿಕೊಂಡು, ಒಂದು ಇಡೀ ಶಹರದ ಮೈ ಹೇಗೆ ಕಾಯಿತೆಂದು ತಿಳಿಸಿದರು. ಕಣ್ಣು ಹೋದಾಗ ಮಗನನ್ನಲ್ಲ, ನನ್ನನ್ನು ನಂಬಿದರು. ಆದರೆ ಅವರು ಸಾಯುವಾಗ ಆ ಕೆಂಪು ಗೆರೆಗಳು ಅಲ್ಲಿಯೇ ಇದ್ದವು, ಅವರ ಹೆಸರಿನ ಮುಂದೆ ದೃಷ್ಟಿದೋಷ ಎಂದೇ ಇತ್ತು. ಅದು ಅಳಿಸುವ ತನಕ ನನ್ನ ಮಟ್ಟಿಗೆ ಅವರ ಕಾರ್ಯ ಮುಗಿದಿಲ್ಲ.

ಪತ್ರ ಇನ್ನೂ ಬಂದಿಲ್ಲ. ಸಾಹೇಬರಿಗೆ ಶಕ್ತಿ ಕಡಿಮೆಯಾಗಿದೆ, ಕೈ ನಡುಗುತ್ತದೆ ಎಂದು ಚಿಕ್ಕೋಡಿಯ ಸಂತೆಯಲ್ಲಿ ಯಾರೋ ಹೇಳಿದರು. ನಡುಗುವ ಕೈಯಲ್ಲಿಯೂ ಬರೆಯಬಹುದು. ನನಗೆ ಈಗ ನಲವತ್ತೊಂದು ವರ್ಷ. ಅವರಿಗೆ ಎಪ್ಪತ್ತೆರಡು. ಅವಸರ ಇದ್ದರೆ ಅವರಿಗೇ ಇರಬೇಕು.